ಓದಿಸಿಕೊಳ್ಳುವ ಗುಣಕ್ಕೊಂದು ಅಳತೆಗೋಲು

ಪಠ್ಯಪುಸ್ತಕದ ಕಾಠಿಣ್ಯವನ್ನು ಅಂಕಿಗಳಲ್ಲಿ ಅಳೆಯುವ ಯತ್ನಕ್ಕೆ ಅಮೆರಿಕದಲ್ಲಿ ಶತಮಾನದ ಇತಿಹಾಸವಿದೆ. 1921ರಲ್ಲಿ ಥಾರ್ನ್‌ಡೈಕ್ ಹೆಚ್ಚು ಬಳಕೆಯ 10,000 ಪದಗಳ ಪಟ್ಟಿಯನ್ನು ಪ್ರಕಟಿಸಿದರು; 1923ರಲ್ಲಿ ಲೈವ್ಲಿ ಮತ್ತು ಪ್ರೆಸ್ಸಿ ಅದನ್ನಾಧರಿಸಿ ಪಠ್ಯಗಳ ಪದಭಾರವನ್ನು ಅಳೆದರು. 1948ರಲ್ಲಿ ರುಡಾಲ್ಫ್ ಫ್ಲೆಶ್ ಎರಡು ಸೂತ್ರಗಳನ್ನು ಮುಂದಿಟ್ಟರು. ಮೊದಲನೆಯದು ವಾಕ್ಯದ ಉದ್ದವನ್ನೂ ಪದದ ಅಕ್ಷರಸಂಖ್ಯೆಯನ್ನೂ ಎಣಿಸಿ ಸುಲಭತೆಯನ್ನು ಅಳೆಯುತ್ತದೆ. ಎರಡನೆಯದು ವ್ಯಕ್ತಿಸೂಚಕ ಪದಗಳನ್ನೂ ಸಂಭಾಷಣೆ, ಪ್ರಶ್ನೆ, ಸಂಬೋಧನೆಗಳುಳ್ಳ ವಾಕ್ಯಗಳನ್ನೂ ಎಣಿಸಿ ಆಸಕ್ತಿಯನ್ನು ಅಳೆಯುತ್ತದೆ. ಮೊದಲನೆಯದು ಲೋಕಪ್ರಸಿದ್ಧವಾಯಿತು, ಎರಡನೆಯದು ಅಷ್ಟು ಬಳಕೆಗೆ ಬರಲಿಲ್ಲ.

ಇಂಗ್ಲಿಷಿಗಾಗಿ ರೂಪುಗೊಂಡ ಮೊದಲ ಸೂತ್ರ ಕನ್ನಡಕ್ಕೆ ಹಾಗೆಯೇ ಒಗ್ಗದು. ‘ಮನೆಯವರಿಂದಲೇ’ ಎಂಬಲ್ಲಿ ಪ್ರಕೃತಿ, ಪ್ರತ್ಯಯ, ಅವಧಾರಣೆಗಳು ಕೂಡಿ ಏಳು ಅಕ್ಷರಗಳಾಗಿವೆ. ಆದರೂ ಅದು ಮಗುವಿಗೂ ತಿಳಿಯುವ ಮಾತು. ಜೈನ ತರ್ಕದ ‘ನಯ’ಕ್ಕೆ ಎರಡೇ ಅಕ್ಷರ, ಅದರ ಅರ್ಥಕ್ಕಾದರೋ ಒಂದು ದರ್ಶನವನ್ನೇ ಅರಿಯಬೇಕು.

ಎರಡನೆಯ ಸೂತ್ರದ ಒಳನೋಟ ಮಾತ್ರ ನಮಗೆ ಹೊಸದಲ್ಲ. ಹತ್ತೊಂಬತ್ತು ಕಥೆಗಳ ‘ವಡ್ಡಾರಾಧನೆ’ಯು ತತ್ತ್ವವನ್ನು ವ್ಯಕ್ತಿಗಳ ಬಾಳಿನ ಮೂಲಕ, ಅವರ ಸಂಭಾಷಣೆಯ ಮೂಲಕ ತಿಳಿಸುತ್ತದೆ. ಕಾಲೇಜಿನ ಪಠ್ಯವನ್ನು ರಚಿಸುವವರು ಉದ್ದವಾಕ್ಯಗಳನ್ನು ಒಡೆಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಪುಟದಲ್ಲಿ ಯಾರಾದರೂ ಯಾರೊಡನೆಯಾದರೂ ಮಾತನಾಡುತ್ತಿದ್ದಾರೆಯೆ?