ಗಸಗಸೆ ಗಿಡದ ಇನ್ನೊಂದು ಕಥೆ: ಅಫೀಮು ಮಾರಿದ್ದೂ ಸರ್ಕಾರ, ಹಿಡಿದಿದ್ದೂ ಸರ್ಕಾರ



ಹಬ್ಬದ ದಿನ ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಹಾಯಾಗಿ ನಿದ್ದೆ ಹೊಡೆಯದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಪುಣೆಗೋ ಹೈದರಾಬಾದಿಗೋ ಬಂದ ಮೇಲೂ ಊರಿಂದ ಬರೋ ಚಟ್ನಿಪುಡಿ, ಸಾರಿನಪುಡಿ ಜೊತೆ ಒಂದು ಪೊಟ್ಟಣ ಗಸಗಸೆ ಇದ್ದೇ ಇರುತ್ತೆ. ಆದರೆ ಅದೇ ಪೊಟ್ಟಣ ಬ್ಯಾಗಿಗೆ ಹಾಕ್ಕೊಂಡು ಆನ್‌ಸೈಟ್ ಅಂತ ದುಬೈಗೋ ಸಿಂಗಾಪುರಕ್ಕೋ ಹೊರಟರೆ ಕಷ್ಟ. ಅಲ್ಲಿ ಗಸಗಸೆ ನಿಷಿದ್ಧ, ಸಿಕ್ಕಿಬಿದ್ದರೆ ಜೈಲೂ ಆಗಬಹುದು.

ಯಾಕೆ ಅಂದ್ರೆ, ಗಸಗಸೆ ಬರೋದು ಅಫೀಮಿನ ಗಿಡದಿಂದಲೇ. ಹಸಿ ಕಾಯಿಗೆ ಗೀರು ಹಾಕಿದರೆ ಹಾಲು ಜಿನುಗುತ್ತೆ. ಮಾರನೇ ದಿನ ಬೆಳಗ್ಗೆ ಅದನ್ನ ಕೆರೆದು ತೆಗೆದರೆ ಅಫೀಮು. ಅಫೀಮಿನಿಂದ ಮಾರ್ಫಿನ್, ಮಾರ್ಫಿನ್‌ನಿಂದ ಹೆರಾಯಿನ್. ಕಾಯಿ ಒಣಗಿದ ಮೇಲೆ ಒಡೆದರೆ ಒಳಗೆ ನಮ್ಮ ಗಸಗಸೆ. ನಮ್ಮ ದೇಶದಲ್ಲಿ ಬೀಜಕ್ಕೆ ಅಡ್ಡಿಯಿಲ್ಲ, ಹಾಲಿಗೆ ಕಾನೂನಿನ ಕಡಿವಾಣ ಇದೆ. ಈ ಹಾಲನ್ನ ಸರ್ಕಾರಗಳು 250 ವರ್ಷದಿಂದ 'ನಿಯಂತ್ರಣ' ಮಾಡ್ತಾನೇ ಬಂದಿವೆ. ಯಾರಿಗೋಸ್ಕರ ಮಾಡಿದ್ರು ಅನ್ನೋದೇ ಇವತ್ತಿನ ಮಾತು.

ಕಂಪನಿ ಸರ್ಕಾರದ ದಂಧೆ

1773 ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದ ಅಫೀಮನ್ನ ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯ ಮಾಡಿದ. 1797 ರಲ್ಲಿ ಕಂಪನಿ ತಯಾರಿಕೆಯನ್ನೂ ನೇರವಾಗಿ ತನ್ನ ಕೈಗೆ ತಗೊಂಡಿತು. ಬಿಹಾರ, ಬನಾರಸ್ ಕಡೆಯ ರೈತನಿಗೆ ಮುಂಗಡ ಕೊಡೋದು, ಬೆಳೆದದ್ದನ್ನೆಲ್ಲ ಕಂಪನಿ ಹೇಳಿದ ಬೆಲೆಗೇ ಕೊಂಡುಕೊಳ್ಳೋದು. ಹೊರಗೆ ಮಾರಿದರೆ ಅದು ಅಪರಾಧ. ಪಟ್ನಾ ಮತ್ತು ಗಾಜಿಪುರದ ಕಾರ್ಖಾನೆಗಳಲ್ಲಿ ಉಂಡೆ ಕಟ್ಟಿ, ಒಂದೊಂದು ಪೆಟ್ಟಿಗೆಗೆ ಸುಮಾರು 63 ಕಿಲೋ ತುಂಬಿ, ಕಲ್ಕತ್ತಾದಲ್ಲಿ ಹರಾಜು ಹಾಕ್ತಿದ್ರು.

ಅಲ್ಲಿಂದ ಮುಂದಿನದು ಜಾಣತನ. ಚೀನಾದಲ್ಲಿ 1729 ರಿಂದಲೇ ಅಫೀಮು ಸೇದೋದಕ್ಕೆ ಮಾರೋದಕ್ಕೆ ನಿಷೇಧ ಇತ್ತು. ಹಾಗಾಗಿ ಕಂಪನಿ ಸಾಮಾನ್ಯವಾಗಿ ತನ್ನ ಸ್ವಂತ ಹಡಗಲ್ಲಿ ಅಫೀಮು ಸಾಗಿಸ್ತಿರಲಿಲ್ಲ. ಹರಾಜಿನಲ್ಲಿ ಕೊಂಡ ಖಾಸಗಿ ವ್ಯಾಪಾರಿಗಳು ಕ್ಯಾಂಟನ್ ಹತ್ತಿರದ ಲಿಂಟಿನ್ ದ್ವೀಪದ ಬಳಿ ಕಳ್ಳಸಾಗಣೆದಾರರಿಗೆ ಮಾಲು ಇಳಿಸ್ತಿದ್ರು. ಬಂದ ಬೆಳ್ಳಿಯನ್ನ ಅಲ್ಲೇ ಕಂಪನಿಯ ಖಜಾನೆಗೆ ಕಟ್ಟಿ ಹುಂಡಿ ಬರೆಸ್ಕೋತಿದ್ರು. ಆ ಬೆಳ್ಳಿಯಲ್ಲಿ ಕಂಪನಿ ಚಹಾ ಕೊಳ್ತಿತ್ತು. ಲಾಭ ಪೂರ್ತಿ ಬಂತು, ಕೈ ಮಾತ್ರ ಕೊಳೆಯಾಗಲಿಲ್ಲ.

ಮುಂಬೈಯಲ್ಲಿ ಇರೋರು ಗಮನಿಸಬೇಕಾದ್ದು

ಬಂಗಾಳದ ಮಾತು ಹಾಗಾದರೆ, ಪಶ್ಚಿಮದಲ್ಲಿ ಮಾಳವ ಇತ್ತು. ಇಂದೋರ್, ಉಜ್ಜಯಿನಿ, ಮಂದಸೌರ್ ಕಡೆ ಸಂಸ್ಥಾನಗಳ ಆಳ್ವಿಕೆ. ಅಲ್ಲಿ ಕಂಪನಿಯ ಏಕಸ್ವಾಮ್ಯ ನಡೆಯಲಿಲ್ಲ. ಮಾಳವದ ಅಫೀಮು ಬಾಂಬೆಯ ಕಾವಲು ತಪ್ಪಿಸಿ ಪೋರ್ಚುಗೀಸರ ದಮನ್‌ಗೆ ಹೋಯ್ತು, ಮರುಭೂಮಿ ದಾಟಿ ಕರಾಚಿಗೆ ಹೋಯ್ತು. ಎಷ್ಟು ತಡೆದರೂ ನಿಲ್ಲಲಿಲ್ಲ.

ಆಗ ಕಂಪನಿ ಏನು ಮಾಡ್ತು ಗೊತ್ತಾ? ತಡೆಯೋದು ಬಿಟ್ಟು ಸುಂಕ ಹಾಕಿತು. 1830 ರ ಸುಮಾರಿಗೆ ಪಾಸ್ ಪದ್ಧತಿ ಬಂತು. ಒಂದು ಪೆಟ್ಟಿಗೆಗೆ 175 ರೂಪಾಯಿ ಕಟ್ಟಿದರೆ ಬಾಂಬೆ ಬಂದರಿನಿಂದ ರಾಜಾರೋಷವಾಗಿ ಸಾಗಿಸಬಹುದು. 1843 ರಲ್ಲಿ ಸಿಂಧ್ ಬ್ರಿಟಿಷರ ಕೈಗೆ ಬಂದು ಕರಾಚಿಯ ದಾರಿ ಮುಚ್ಚಿದ ಮೇಲೆ ಪಾಸಿನ ದರ ಏರ್ತಾ ಏರ್ತಾ 1847 ಕ್ಕೆ 400 ರೂಪಾಯಿ ಆಯ್ತು. ನಿನ್ನೆ ಕಳ್ಳಮಾಲು ಅನ್ನಿಸಿಕೊಂಡಿದ್ದು ಇವತ್ತು ರಸೀದಿ ಇರೋ ಸರಕು.

ಈ ವ್ಯಾಪಾರದಲ್ಲಿ ಬೆಳೆದವರಲ್ಲಿ ದೊಡ್ಡ ಹೆಸರು ಜಮ್ಶೆಟ್‌ಜೀ ಜೀಜಾಭಾಯ್. ಚೀನಾ ವ್ಯಾಪಾರದ ವಿಲಿಯಂ ಜಾರ್ಡಿನ್ ಇವರ ಬಹುಕಾಲದ ಗೆಳೆಯ. 1845 ರಲ್ಲಿ ಶುರುವಾದ ಜೆ.ಜೆ. ಆಸ್ಪತ್ರೆ ಇವರ ದಾನ. ಅದೇ ವರ್ಷ ತೆರೆದ ಮಾಹಿಮ್ ಕಾಸ್‌ವೇಗೆ ಹಣ ಕೊಟ್ಟವರು ಇವರ ಹೆಂಡತಿ ಅವಾಬಾಯಿ. ಬಾಂದ್ರಾದಿಂದ ಮಾಹಿಮ್ ಕಡೆ ಕ್ಯಾಬಲ್ಲಿ ಹೋಗ್ತಾ ಟ್ರಾಫಿಕ್ಕಿಗೆ ಬೈಯೋ ನಾವು ಕೂತಿರೋದು ಆ ದುಡ್ಡಿನ ದಾರಿ ಮೇಲೆ. ಇದನ್ನ ಅವರನ್ನ ಹಳಿಯೋಕೆ ಹೇಳ್ತಿಲ್ಲ. ಅಂದಿನ ಕಾನೂನಿನ ಲೆಕ್ಕದಲ್ಲಿ ಬಾಂಬೆಯಲ್ಲಿ ಅದು ಅಪರಾಧವೇ ಆಗಿರಲಿಲ್ಲ. ಬ್ರಿಟಿಷ್ ರಾಣಿ ಅವರಿಗೆ 'ಸರ್' ಪದವಿಯನ್ನೇ ಕೊಟ್ಟಳು.

ಒಬ್ಬ ಅಧಿಕಾರಿ, ಇಪ್ಪತ್ತು ಸಾವಿರ ಪೆಟ್ಟಿಗೆ

ಚೀನಾ ಸುಮ್ಮನೆ ಕೂತಿರಲಿಲ್ಲ. 1839 ರಲ್ಲಿ ಚಕ್ರವರ್ತಿ ಲಿನ್ ಝೆಶು ಅನ್ನೋ ಅಧಿಕಾರಿಯನ್ನ ಕ್ಯಾಂಟನ್‌ಗೆ ಕಳಿಸಿದ. ಲಿನ್ ವಿದೇಶಿ ವ್ಯಾಪಾರಿಗಳಿಂದ 20,000 ಕ್ಕೂ ಹೆಚ್ಚು ಪೆಟ್ಟಿಗೆ ವಶಪಡಿಸಿಕೊಂಡು, ಹ್ಯೂಮೆನ್ ಎಂಬಲ್ಲಿ ಹೊಂಡ ತೋಡಿಸಿ, ಉಪ್ಪು ಸುಣ್ಣ ಬೆರೆಸಿ, ಸಮುದ್ರಕ್ಕೆ ಹರಿಸಿದ. ಅದರಲ್ಲಿ ಬಹುಪಾಲು ನಮ್ಮ ನೆಲದಲ್ಲಿ ಬೆಳೆದ ಮಾಲು.

ಉತ್ತರವಾಗಿ ಬಂದಿದ್ದು ಯುದ್ಧ. ಭಾರತದಿಂದ ಸಿಪಾಯಿಗಳೂ ಹೋದರು. 1842 ರ ನಾನ್‌ಕಿಂಗ್ ಒಪ್ಪಂದದಲ್ಲಿ ಚೀನಾ ಹಾಂಗ್‌ಕಾಂಗ್ ಕಳಕೊಂಡಿತು, ನಾಶಮಾಡಿದ ಅಫೀಮಿಗೆ 60 ಲಕ್ಷ ಡಾಲರ್ ಕಟ್ಟಿತು. ಎರಡನೇ ಯುದ್ಧದ ನಡುವೆ, 1858 ರಲ್ಲಿ, ಅಫೀಮಿನ ಆಮದನ್ನೇ ಕಾನೂನುಬದ್ಧ ಮಾಡಬೇಕಾಯ್ತು. ಮಾದಕವಸ್ತು ತಡೆದ ಸರ್ಕಾರಕ್ಕೆ ದಂಡ, ಮಾರಿದವರಿಗೆ ಪರಿಹಾರ.

ಹತ್ತೊಂಬತ್ತನೇ ಶತಮಾನದ ನಡುವೆ ಬ್ರಿಟಿಷ್ ಭಾರತದ ಆದಾಯದಲ್ಲಿ ಸುಮಾರು ಏಳರಲ್ಲಿ ಒಂದು ಪಾಲು ಅಫೀಮಿನದು. ಹಾಗಿದ್ದಾಗ ಯಾರು ಬಿಡ್ತಾರೆ? ದಾದಾಭಾಯಿ ನವರೋಜಿ ವಿರೋಧಿಸಿದರು, ಇಂಗ್ಲೆಂಡಿನಲ್ಲೂ ಚಳವಳಿ ನಡೀತು. ಕೊನೆಗೆ ರಾಯಲ್ ಕಮಿಷನ್ ಕೂತು, 1895 ರಲ್ಲಿ ವರದಿ ಕೊಡ್ತು: ಭಾರತದಲ್ಲಿ ಅಫೀಮಿನಿಂದ ಹೇಳಿಕೊಳ್ಳುವಂಥ ಕೆಡುಕಿಲ್ಲ, ನಿಷೇಧ ಬೇಡ! 1907 ರಲ್ಲಿ ಚೀನಾ ಜೊತೆ ಒಪ್ಪಂದ ಆಗಿ, 1913 ಕ್ಕೆ ಅಲ್ಲಿಗೆ ರಫ್ತು ನಿಂತಿತು.

ನಮ್ಮದೇ ಸರ್ಕಾರ ಬಂದ ಮೇಲೆ

1949 ರಲ್ಲಿ ಅಖಿಲ ಭಾರತ ಅಫೀಮು ಸಮ್ಮೇಳನ ನಡೆದು, ಹತ್ತು ವರ್ಷದಲ್ಲಿ ಔಷಧ, ವಿಜ್ಞಾನ ಬಿಟ್ಟು ಬೇರೆ ಬಳಕೆ ನಿಲ್ಲಿಸೋ ತೀರ್ಮಾನ ಆಯ್ತು. ಸಂವಿಧಾನದ 47 ನೇ ವಿಧಿಯಲ್ಲೂ ಅದೇ ಆಶಯ ಇದೆ. ಆಮೇಲೆ ನೆರೆಯ ಅಫ್ಘಾನಿಸ್ತಾನ ಕಡೆಯಿಂದ ಹೆರಾಯಿನ್ ಬರೋದು ಜಾಸ್ತಿಯಾದ ಕಾಲದಲ್ಲಿ, 1985 ರಲ್ಲಿ, ಎನ್‌ಡಿಪಿಎಸ್ ಕಾಯ್ದೆ ಬಂತು. ಮಾರನೇ ವರ್ಷ ನಾರ್ಕೋಟಿಕ್ಸ್ ಕಂಟ್ರೋಲ್ ಬ್ಯೂರೋ ಶುರುವಾಯ್ತು. ಆ ಹಾವಳಿ ಇನ್ನೂ ಮುಗಿದಿಲ್ಲ. 2021 ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಟಾಲ್ಕ್ ಕಲ್ಲಿನ ಹೆಸರಲ್ಲಿ ಬಂದ ಸುಮಾರು 3,000 ಕಿಲೋ ಹೆರಾಯಿನ್ ಸಿಕ್ಕಿತು.

ಕಾಯ್ದೆ ಕಠಿಣ ಆಗಬೇಕಾಗಿತ್ತು, ಸರಿ. ಆದರೆ ಅದರ ಪೆಟ್ಟು ಬಿದ್ದಿದ್ದು ಬರೀ ಕಳ್ಳಸಾಗಣೆದಾರರಿಗಲ್ಲ. ಮಾರ್ಫಿನ್ ಇಟ್ಟುಕೊಳ್ಳೋಕೆ ಆಸ್ಪತ್ರೆಗಳು ಹಲವು ಪರವಾನಗಿಗೆ ಅಲೆಯಬೇಕಾಯ್ತು. ತಪ್ಪಾದರೆ ಜೈಲು ಅನ್ನೋ ಭಯಕ್ಕೆ ಬಹಳಷ್ಟು ಕಡೆ ಇಡೋದೇ ಬಿಟ್ರು. ಕ್ಯಾನ್ಸರ್ ರೋಗಿಗಳು ನೋವಿನಲ್ಲಿ ನರಳಿದರು. ಇದೇ ದೇಶದ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಹೊಲಗಳಲ್ಲಿ ಸರ್ಕಾರದ ಲೈಸೆನ್ಸ್ ಪಡೆದು ರೈತರು ಅಫೀಮು ಬೆಳೀತಿದ್ರು. ಅದೇ ಗಾಜಿಪುರದ ಕಾರ್ಖಾನೆ, ಜೊತೆಗೆ ನೀಮಚ್‌ನದು, ಅದನ್ನ ಸಂಸ್ಕರಿಸಿ ಹೊರದೇಶಕ್ಕೂ ಕಳಿಸ್ತಿದ್ವು. ಮನೆಯವರಿಗೇ ಇಲ್ಲದ ಔಷಧಿ! 2014 ರ ತಿದ್ದುಪಡಿ ಬಂದ ಮೇಲೆ ಮಾರ್ಫಿನ್‌ನಂಥ ಅಗತ್ಯ ಔಷಧಿಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಆಯ್ತು. ಅಷ್ಟು ಹೊತ್ತಿಗೆ 29 ವರ್ಷ ಕಳೆದಿತ್ತು.

ಇನ್ನೊಂದು ವಿಷಯ, ಮನೆಯಿಂದ ದೂರ ಪಿಜಿಗಳಲ್ಲಿ ಇರೋ ತಮ್ಮ ತಂಗಿಯರಿಗೆ. ಇದೇ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಚಟಕ್ಕೆ ಬಿದ್ದು, ಬಳಕೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕಿಕೊಂಡವರು ತಾವಾಗಿ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ತಗೊಂಡು ಮುಗಿಸಿದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತೆ. ಮಧ್ಯದಲ್ಲಿ ಬಿಟ್ಟರೆ ಆ ರಕ್ಷಣೆ ಹೋಗಬಹುದು. ರೂಮ್‌ಮೇಟ್ ಒಬ್ಬ ದಾರಿ ತಪ್ಪಿದಾನೆ ಅನ್ನಿಸಿದರೆ, ಮರ್ಯಾದೆ ಹೋಗುತ್ತೆ ಅಂತ ಮುಚ್ಚಿಡೋ ಬದಲು ಇದನ್ನ ಅವನಿಗೆ ಹೇಳಿ.

ಕಂಪನಿ ಕಾಲದ ನಿಯಂತ್ರಣದಲ್ಲಿ ಖಜಾನೆಗೆ ಮೊದಲ ಜಾಗ ಇತ್ತು, ಸೇದುವವನಿಗೆ ಜಾಗವೇ ಇರಲಿಲ್ಲ. ನಮ್ಮ ಕಾಲದ ನಿಯಂತ್ರಣದಲ್ಲಿ ಪೊಲೀಸ್ ಠಾಣೆಗೆ ಮೊದಲ ಜಾಗ, ರೋಗಿಗೆ ಜಾಗ ಸಿಕ್ಕಿದ್ದು ತಡವಾಗಿ. ಮುಂದಿನ ಸಲ ಟಿವಿಯಲ್ಲಿ ಇಷ್ಟು ಕಿಲೋ ಹಿಡಿದರು ಅಂತ ಸುದ್ದಿ ಬಂದಾಗ ಸಂತೋಷಪಡೋಣ, ತಪ್ಪೇನಿಲ್ಲ. ಜೊತೆಗೆ, ಈ ವರ್ಷ ಎಷ್ಟು ಜನಕ್ಕೆ ಚಿಕಿತ್ಸೆ ಸಿಕ್ತು ಅಂತಾನೂ ಕೇಳೋಣ.