ಬೆಟ್ಟದ ಹುಟ್ಟಿಗೆ ಮಣ್ಣಿನ ಸಾಕ್ಷ್ಯ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಬೆಟ್ಟದ ವಯಸ್ಸಿನ ವಿಚಾರಕ್ಕೂ ಸಲ್ಲುತ್ತದೆ. ದೂರದಿಂದ ಕಾಣುವವರಿಗೆ ಬೆಟ್ಟವೆಂದರೆ ಅನಾದಿ. ಹತ್ತಿರ ಹೋಗಿ, ಇದು ಎದ್ದು ನಿಂತದ್ದು ಯಾವಾಗ ಎಂದು ಕೇಳಿದಾಗಲೇ ತೊಡಕು ಮೊದಲಾಗುವುದು. ಏಕೆಂದರೆ ಕಲ್ಲಿನ ವಯಸ್ಸೂ ಬೆಟ್ಟದ ವಯಸ್ಸೂ ಒಂದೇ ಅಲ್ಲ. ಗುಡಿಯ ಕಂಬದ ಕಲ್ಲು ಎಷ್ಟು ಕೋಟಿ ವರ್ಷಗಳದ್ದಾದರೂ ಆಗಿರಬಹುದು. ಗುಡಿ ಕಟ್ಟಿದ ಕಾಲವನ್ನು ತಿಳಿಯಬೇಕಾದರೆ ಶಾಸನವನ್ನು ಹುಡುಕುತ್ತೇವೆ. ಬೆಟ್ಟಕ್ಕೂ ಅಂಥದೊಂದು ಶಾಸನ ಉಂಟು. ಅದು ಬಂಡೆಗಳ ನಡುವೆ ಸಿಕ್ಕಿ ಅರೆದುಹೋದ ಜೇಡಿಮಣ್ಣಿನಲ್ಲಿದೆ. ಆ ಶಾಸನವನ್ನು ಓದಿದ ಬಗೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

ಉತ್ತರ ಅಮೆರಿಕದ ರಾಕಿ ಪರ್ವತಗಳ ನಿದರ್ಶನವನ್ನೇ ತೆಗೆದುಕೊಳ್ಳೋಣ. ಅಲ್ಲಿ ಮೊಂಟಾನಾ ರಾಜ್ಯದಲ್ಲಿ, ಕೆನಡಾದ ಗಡಿಗೆ ಸಮೀಪವಾಗಿ, ಚೀಫ್ ಮೌಂಟನ್ ಎಂಬ ಒಂಟಿ ಬೆಟ್ಟವಿದೆ. ಬ್ಲ್ಯಾಕ್‌ಫೀಟ್ ಜನಾಂಗದವರಿಗೆ ಅದು ಪವಿತ್ರ. ಅದರ ಮೇಲ್ಭಾಗದ ಶಿಲೆಗಳು 140 ಕೋಟಿ ವರ್ಷಗಳಿಗೂ ಹಿಂದಿನವು; ಅಡಿಯ ಪದರಗಳಾದರೋ 10 ಕೋಟಿ ವರ್ಷಗಳಿಂದ ಈಚಿನವು. ಮೊಮ್ಮಗನ ಹೆಗಲ ಮೇಲೆ ಮುತ್ತಜ್ಜ ಕುಳಿತಂತೆ! ಈ ತಲೆಕೆಳಗಾದ ಕ್ರಮವನ್ನು ಭೂವಿಜ್ಞಾನಿ ಬೇಯ್ಲಿ ವಿಲ್ಲಿಸ್ 1902ರಲ್ಲಿ ವಿವರಿಸಿದನು. ಭೂಮಿಯ ಹೊರಪದರ ಒತ್ತಡಕ್ಕೆ ಸೀಳಿ, ಹಳೆಯ ಶಿಲೆಯ ಮಹಾಹಾಸೊಂದು ಕಿರಿಯ ಶಿಲೆಗಳ ಮೇಲೇರಿ ಜರುಗಿತ್ತು. ಈ ಸೀಳಿಗೆ ಲೂಯಿಸ್ ಸ್ತರಭಂಗವೆಂದು ಹೆಸರು. ಹಾಸು ಪೂರ್ವಕ್ಕೆ ಸರಿದ ದೂರ ಸುಮಾರು 80 ಕಿಲೋಮೀಟರ್ ಎಂದು ಎಣಿಸುತ್ತಾರೆ.

ಹೇಗೆ ಎಂಬುದು ತಿಳಿಯಿತು; ಯಾವಾಗ ಎಂಬುದು ಉಳಿಯಿತು. ಅಡಿಯ ಪದರಗಳಿಗಿಂತ ಈಚೆಗೆ ಎಂದಷ್ಟೇ ಶಿಲೆಗಳ ಕ್ರಮ ಹೇಳಬಲ್ಲದು. ಅದಕ್ಕಿಂತ ನಿಖರವಾದ ಉತ್ತರಕ್ಕೆ ಸೀಳಿನೊಳಗಿನ ಹುಡಿಯನ್ನೇ ಕೇಳಬೇಕಾಯಿತು. ಬಂಡೆಯ ಮೇಲೆ ಬಂಡೆ ಉಜ್ಜಿದಾಗ, ಬೀಸುಕಲ್ಲಿಗೆ ಸಿಕ್ಕ ಕಾಳಿನಂತೆ, ಕಲ್ಲು ನುಣ್ಣಗಾಗುತ್ತದೆ. ಆ ಹುಡಿಯಲ್ಲಿ ಬಿಸಿ ಮತ್ತು ನೀರಿನ ಸಂಗದಿಂದ ಜೇಡಿಯ ಹೊಸ ಹರಳುಗಳು ಬೆಳೆಯುತ್ತವೆ. ಅವುಗಳಲ್ಲಿ ಒಂದು ಇಲ್ಲೈಟ್; ಕಾಗೆಬಂಗಾರದ ಹತ್ತಿರದ ಬಂಧು. 1937ರಲ್ಲಿ ಗ್ರಿಮ್, ಬ್ರೇ ಮತ್ತು ಬ್ರ್ಯಾಡ್ಲಿ ಎಂಬ ಮೂವರು ಇಲಿನಾಯ್ ರಾಜ್ಯದ ನೆನಪಿಗೆ ಅದಕ್ಕೆ ಈ ಹೆಸರಿಟ್ಟರು. ಅದರಲ್ಲಿ ಪೊಟ್ಯಾಸಿಯಂ ಉಂಟು. ಪೊಟ್ಯಾಸಿಯಂನ ಒಂದು ಅತ್ಯಲ್ಪ ಅಂಶ ವಿಕಿರಣಶೀಲ; 125 ಕೋಟಿ ವರ್ಷಗಳಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಹಾಗೆ ಕ್ಷಯಿಸಿದ್ದರಲ್ಲಿ ಒಂದು ಪಾಲು ಆರ್ಗಾನ್ ಅನಿಲವಾಗಿ ಹರಳಿನೊಳಗೇ ಸೆರೆಯಾಗುತ್ತದೆ. ಹರಳು ಹುಟ್ಟಿದ ಗಳಿಗೆಯಿಂದ ಗಡಿಯಾರ ನಡೆಯತೊಡಗಿದಂತೆ.

ಆದರೆ ಆ ಹುಡಿಯಲ್ಲಿ ಹೊಸ ಇಲ್ಲೈಟ್ ಮಾತ್ರವೇ ಇರುವುದಿಲ್ಲ. ಅರೆದುಹೋದ ಮೂಲಶಿಲೆಯ ಹಳೆಯ ಇಲ್ಲೈಟ್ ಕೂಡ ಅದರೊಡನೆ ಬೆರೆತಿರುತ್ತದೆ. ಭೂಮಿಯ ಆಳದಲ್ಲಾದರೆ ಕಾವು ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಬರೆಯುತ್ತಿತ್ತು. ಮೇಲುಮಟ್ಟದ ಸೀಳುಗಳಲ್ಲಿ ಅಷ್ಟು ಕಾವಿಲ್ಲ. ಆದುದರಿಂದ ಒಟ್ಟು ಹುಡಿಯನ್ನು ಅಳೆದರೆ ಸಿಕ್ಕುವುದು ಸರಾಸರಿ. ಒಂದು ಮನೆಯಲ್ಲಿ 70 ವರ್ಷದ ಅಜ್ಜನೂ 10 ವರ್ಷದ ಮೊಮ್ಮಗನೂ ಇದ್ದರೆ ಸರಾಸರಿ ವಯಸ್ಸು 40. ಆ ಮನೆಯಲ್ಲಿ 40 ವರ್ಷದವರು ಯಾರೂ ಇಲ್ಲ! ಬೆಟ್ಟದ ಸರಾಸರಿಯೂ ಹಾಗೆಯೇ, ಏನೂ ನಡೆಯದ ಒಂದು ಕಾಲವನ್ನು ತೋರಿಸಿ ನಮ್ಮನ್ನು ನಂಬಿಸಿಬಿಡುತ್ತದೆ.

ಮಿಷಿಗನ್ ವಿಶ್ವವಿದ್ಯಾನಿಲಯದ ಬೆನ್ ವಾನ್ ಡರ್ ಪ್ಲೂಯಿಮ್ ಮತ್ತು ಸಂಗಡಿಗರು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೊಂದು ಪರಿಹಾರವನ್ನು ಪ್ರಕಟಿಸಿದರು. ಲೂಯಿಸ್ ಸೀಳಿನ ಜೇಡಿಯನ್ನು ಅವರು ಕಣದ ಗಾತ್ರಕ್ಕನುಸಾರವಾಗಿ ಬೇರ್ಪಡಿಸಿದರು. ದಪ್ಪ ಕಣಗಳಲ್ಲಿ ಹಳೆಯದು ಹೆಚ್ಚು, ನುಣುಪಾದವುಗಳಲ್ಲಿ ಹೊಸದು ಹೆಚ್ಚು. ಪ್ರತಿಯೊಂದರಲ್ಲೂ ಹಳೆಯದೆಷ್ಟು ಹೊಸದೆಷ್ಟು ಎಂಬುದನ್ನು ಕ್ಷ-ಕಿರಣಗಳಿಂದ ನಿರ್ಣಯಿಸಿದರು. ಅಳತೆಯ ಸಿದ್ಧತೆಯಲ್ಲಿ ಸೂಕ್ಷ್ಮಕಣಗಳಿಂದ ಆರ್ಗಾನ್ ತಪ್ಪಿಸಿಕೊಳ್ಳುವ ಭಯವಿತ್ತು; ಅದಕ್ಕಾಗಿ ಅವನ್ನು ಪುಟ್ಟ ಕೋಶದೊಳಗೆ ಮುಚ್ಚಿಟ್ಟು ಅಳೆದರು. ಹಳೆಯದರ ಪಾಲು ಇಳಿದಂತೆಲ್ಲ ವಯಸ್ಸೂ ಇಳಿಯಿತು. ಆ ಇಳಿಜಾರಿನ ಗೆರೆಯನ್ನು ಹಳೆಯದು ಏನೂ ಇಲ್ಲದ ತುದಿಯವರೆಗೆ ಎಳೆದಾಗ ಸಿಕ್ಕಿದ್ದು ಸುಮಾರು 5.2 ಕೋಟಿ ವರ್ಷ: ಬಂಡೆ ಜರುಗಿದ ಕಾಲ. ಎಲ್ಲವೂ ಹಳೆಯದೇ ಆದ ಇನ್ನೊಂದು ತುದಿಗೆ ಎಳೆದಾಗ ಸುಮಾರು 17.2 ಕೋಟಿ ವರ್ಷ: ಆ ಜೇಡಿಯನ್ನು ಕೊಟ್ಟ ಮೂಲನೆಲ ಮೇಲೆದ್ದು ಸವೆದ ಕಾಲ.

ಮೊದಲನೆಯ ಸಂಖ್ಯೆಯಿಂದ ಒಂದು ಖಂಡದ ಚರಿತ್ರೆಯೇ ಬಿಗಿಯಾಯಿತು. ಇಯೋಸೀನ್ ಯುಗದಲ್ಲಿ ಪಶ್ಚಿಮ ಅಮೆರಿಕದ ನೆಲ ಸಂಕೋಚವನ್ನು ಬಿಟ್ಟು ಹಿಗ್ಗತೊಡಗಿತೆಂಬುದು ಗೊತ್ತಿತ್ತು. ಈ ತಿರುವಿಗೆ ಹಿಡಿದದ್ದು ಕೆಲವೇ ದಶಲಕ್ಷ ವರ್ಷಗಳೆಂದು ಈಗ ಒಪ್ಪಬೇಕಾಯಿತು. ನನ್ನ ಮನಸ್ಸನ್ನು ಹೆಚ್ಚು ಹಿಡಿಯುವುದು ಎರಡನೆಯ ಸಂಖ್ಯೆ. ಹಳೆಯ ಜೇಡಿಯನ್ನು ಕಲಬೆರಕೆಯೆಂದು ಜರೆದು ಮರೆತಿದ್ದರೆ, ಈ ಬೆಟ್ಟಗಳಿಗೂ ಮುಂಚೆ ಎದ್ದು ಸವೆದುಹೋದ ನೆಲದ ಸುದ್ದಿ ನಮಗೆ ತಲುಪುತ್ತಿರಲಿಲ್ಲ.

ನಮ್ಮ ಊರುಗಳ ಸ್ಥಳಪುರಾಣಗಳನ್ನು ಓದುವಾಗ ನಾನು ಇದನ್ನು ನೆನೆಯುತ್ತೇನೆ. ಅಲ್ಲಿಯೂ ಅಜ್ಜನ ಮಾತು, ಮೊಮ್ಮಗನ ಮಾತು ಒಂದರೊಳಗೊಂದು ಅರೆದುಹೋಗಿರುತ್ತವೆ. ಎಲ್ಲವೂ ಪ್ರಾಚೀನವೆಂದು ನಂಬುವುದೂ, ಎಲ್ಲವೂ ಈಚಿನದೆಂದು ತಳ್ಳುವುದೂ ಸುಲಭ. ಯಾವುದು ಎಷ್ಟು ಪಾಲು ಎಂದು ತಾಳ್ಮೆಯಿಂದ ಬೇರ್ಪಡಿಸಿದವನಿಗೆ ಎರಡೂ ಸಾಕ್ಷ್ಯ ಹೇಳುತ್ತವೆ.