‘ಅತಿಸರಳ’ ಎಂಬ ವಿಶೇಷಣ

‘ಸರಳ’ ಎಂಬುದು ನಮ್ಮ ಮನೆಗಳಲ್ಲಿ ಮೆಚ್ಚುಗೆಯ ಮಾತು. ಸರಳ ಜೀವನ, ಸರಳ ಸ್ವಭಾವ, ಸರಳ ವಿವಾಹ ಎನ್ನುತ್ತೇವೆ. ಸಂಸ್ಕೃತದಲ್ಲಿ ಈ ಪದಕ್ಕೆ ನೆಟ್ಟಗಿರುವುದು, ಡೊಂಕಿಲ್ಲದ್ದು ಎಂದು ಅರ್ಥ. ಗಣಿತದ ಸರಳರೇಖೆಯಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ನಮ್ಮ ವ್ಯಾಕರಣದಲ್ಲಿಯೋ ಕ ಚ ಟ ತ ಪ ಗಳು ಪರುಷಗಳು, ಗ ಜ ಡ ದ ಬ ಗಳು ಸರಳಗಳು.

ಇಂಥ ಸಾಧುಪದದ ಹಿಂದೆ ‘ಅತಿ’ ಎಂಬುದು ಬಂದು ನಿಂತಾಗ ತೊಡಕು ಹುಟ್ಟುತ್ತದೆ. ಏಕೆಂದರೆ ‘ಅತಿ’ಗೆ ಎರಡು ಮುಖ. ‘ಅತಿಮಧುರ’ವೆಂದರೆ ಬಹಳ ಸಿಹಿ; ಅಲ್ಲಿ ದೂರಿಲ್ಲ. ‘ಅತಿವೃಷ್ಟಿ’ಯೆಂದರೆ ಬೇಕಾದುದಕ್ಕಿಂತ ಹೆಚ್ಚಿನ ಮಳೆ, ಅದು ಬೆಳೆಗೆ ಕೇಡು. ಅಂತೆಯೇ ‘ಗಾಂಧೀಜಿಯವರ ಜೀವನ ಅತಿಸರಳವಾಗಿತ್ತು’ ಎಂದರೆ ಹೊಗಳಿಕೆ. ‘ಅವರ ವಾದ ಅತಿಸರಳವಾಯಿತು’ ಎಂದರೆ ತೆಗಳಿಕೆ. ಬಾಳಿಗೆ, ನಡತೆಗೆ, ಉಡುಪಿಗೆ ಹತ್ತಿದರೆ ಗುಣ. ವಾದಕ್ಕೆ, ತೀರ್ಮಾನಕ್ಕೆ, ಚರಿತ್ರೆಗೆ ಹತ್ತಿದರೆ ದೋಷ. ಈ ಸಂದಿಗ್ಧವನ್ನು ಕಳೆಯಲೆಂದು ಕೆಲವರು ‘ಅತಿಸರಳೀಕೃತ’ ಎಂದು ಬರೆಯುವುದುಂಟು. ನಾಲಿಗೆಗೆ ಭಾರವಾದರೂ ಆ ರೂಪಕ್ಕೆ ಒಂದು ಪ್ರಯೋಜನವಿದೆ. ವಸ್ತು ತಾನಾಗಿ ಸರಳವಾಗಿರಲಿಲ್ಲ, ಯಾರೋ ಅದನ್ನು ಹಾಗೆ ಮಾಡಿದರು ಎಂಬುದನ್ನು ಅದು ಬಯಲುಮಾಡುತ್ತದೆ. ನಮ್ಮ ಖಜೂರಿಯ ಕಡೆಯ ಹಿರಿಯರು ಇಷ್ಟನ್ನೇ ‘ಒಂದೇ ಮಾತಿನ್ಯಾಗ ಮುಗಿಸಿಬಿಟ್ಟ ನೋಡ್ರಿ’ ಎಂದು ಹೇಳಿ ನಗುತ್ತಾರೆ.

ಶಾಲೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಉತ್ತರಪದದ ಮೊದಲ ಪರುಷಕ್ಕೆ ಸರಳವು ಬರುವುದು ಆದೇಶಸಂಧಿ. ಮಳೆ, ಕಾಲ ಸೇರಿ ಮಳೆಗಾಲ. ಹೊಸ, ಕನ್ನಡ ಸೇರಿ ಹೊಸಗನ್ನಡ. ಮಕ್ಕಳಿಗೆ ಇಷ್ಟು ಹೇಳುವುದು ಸರಳ ಪಾಠ. ‘ಯಾವಾಗಲೂ ಹೀಗೆಯೇ’ ಎಂದು ಸೇರಿಸಿದೊಡನೆ ಅದು ಅತಿಸರಳವಾಗುತ್ತದೆ. ಊರುಕೇರಿಯನ್ನು ಊರುಗೇರಿಯೆಂದು ಯಾರೂ ಹೇಳುವುದಿಲ್ಲವಷ್ಟೆ.

ವ್ಯಾಕರಣದಲ್ಲಿ ಇಂಥ ತಪ್ಪು ಬೇಗನೆ ಕಣ್ಣಿಗೆ ಬೀಳುತ್ತದೆ. ಚರಿತ್ರೆಯಲ್ಲಿ ಅದು ತಲೆಮಾರುಗಳವರೆಗೆ ಮರೆಯಲ್ಲಿರಬಲ್ಲದು. ನಮ್ಮ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ‘ಕವಿರಾಜಮಾರ್ಗ’ ಹುಟ್ಟಿತು. ಕೆ. ಬಿ. ಪಾಠಕರು 1898ರಲ್ಲಿ ಅದನ್ನು ಅಚ್ಚು ಹಾಕಿಸಿದಾಗ ನೃಪತುಂಗನ ಕೃತಿಯೆಂದೇ ಪ್ರಕಟಿಸಿದರು. ‘ಕವಿರಾಜಮಾರ್ಗವನ್ನು ಬರೆದವನು ನೃಪತುಂಗ’ ಎಂಬ ವಾಕ್ಯ ಪಾಠಗಳಲ್ಲಿ ನೆಲೆಸಿತು. ಆದರೆ ಗ್ರಂಥದೊಳಗೆ ‘ನೃಪತುಂಗದೇವಾನುಮತ’ ಎಂಬ ಮಾತಿದೆ, ಶ್ರೀವಿಜಯನ ಹೆಸರೂ ಇದೆ. ಅನುಮತವೆಂದರೆ ಒಪ್ಪಿದ್ದು, ಬರೆದದ್ದು ಎಂದಲ್ಲ. ವಿದ್ವಾಂಸರು ಬಹುಕಾಲ ಚರ್ಚಿಸಿದರು. ದೊರೆಯ ಅನುಮತಿಯಿಂದ ಶ್ರೀವಿಜಯ ರಚಿಸಿದನೆಂಬ ಅಭಿಪ್ರಾಯವೇ ಇಂದು ಹೆಚ್ಚು ಮಾನ್ಯವಾಗಿದೆ. ಮೂರು ಪದಗಳ ಆ ಹಳೆಯ ವಾಕ್ಯದಲ್ಲಿ ಒಬ್ಬ ಕವಿಯೇ ಕಾಣೆಯಾಗಿದ್ದ.

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಮಾಸ್ತರನಾದ ಹೊಸದರಲ್ಲಿ ಒಬ್ಬ ಹುಡುಗ ಪರೀಕ್ಷೆಯಲ್ಲಿ ‘ಶ್ರೀವಿಜಯ ಬರೆದ, ನೃಪತುಂಗ ಒಪ್ಪಿದ’ ಎಂದು ಬರೆದಿದ್ದ. ಮಾದರಿ ಉತ್ತರದಲ್ಲಿ ನೃಪತುಂಗನೆಂದಿತ್ತು. ನಾನು ಕೆಂಪು ಶಾಯಿಯಲ್ಲಿ ಗೀಟು ಎಳೆದು ಒಂದು ಅಂಕ ಕಳೆದೆ. ವಿಷಯ ನನಗೆ ಗೊತ್ತಿತ್ತು, ಅವಸರವೂ ಇತ್ತು. ಹುಡುಗ ಏನೂ ಕೇಳಲಿಲ್ಲ. ಮುಂದೆ ಅವನು ಮಾದರಿ ಉತ್ತರವನ್ನಷ್ಟೇ ಬರೆಯುತ್ತ ಹೋದ.

ಅದೇ ಕವಿರಾಜಮಾರ್ಗವನ್ನು ಗಡಿಯ ಭಾಷಣಗಳಲ್ಲಿಯೂ ಕೇಳುತ್ತೇವೆ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಆ ಗ್ರಂಥ ಹೇಳುವುದು ನಿಜ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಕನ್ನಡದ ತಿರುಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಇದೆಯೆನ್ನುತ್ತದೆ; ಆ ನಾಲ್ಕರಲ್ಲಿ ರಾಜಧಾನಿ ಮಾನ್ಯಖೇಟದ ಹೆಸರಿಲ್ಲ! ಕನ್ನಡದೊಳಗೂ ಬಗೆಬಗೆಯ ದೇಸಿಗಳಿವೆಯೆಂದು ಒಪ್ಪುತ್ತದೆ. ನಾವು ಎರಡು ನದಿಗಳನ್ನು ಇಟ್ಟುಕೊಂಡು ಉಳಿದುದನ್ನು ಬಿಟ್ಟೆವು.

ಇತ್ತೀಚಿನ ಚರಿತ್ರೆಯೂ ಹೀಗೆಯೇ. ‘1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನ ಭಾಷೆಗೆ ಅನುಸಾರವಾಗಿ ಮೂರು ಪಾಲಾಯಿತು’ ಎಂದು ಬರೆಸುತ್ತೇವೆ. ತಪ್ಪೇನಲ್ಲ. ಆದರೆ ಗುಲಬರ್ಗಾ ಜಿಲ್ಲೆಯಿಂದ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು, ರಾಯಚೂರಿನಿಂದ ಗದ್ವಾಲ ಮತ್ತು ಆಲಂಪುರಗಳು, ಬೀದರದಿಂದ ಉದಗೀರ, ನಿಲಂಗಾ, ಅಹ್ಮದಪುರಗಳು ಅಂದೇ ಬೇರೆಯಾದವು. ಅಕ್ಕಲಕೋಟೆ ಮುಂಬಯಿ ರಾಜ್ಯದಲ್ಲಿ ಉಳಿಯಿತು. ಅದು ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಸೇರಲಿಲ್ಲ. ಮಹಾರಾಷ್ಟ್ರದ ಗಡಿಗೆ ಹತ್ತಿರದ ಖಜೂರಿಯಂಥ ಊರಲ್ಲಿ ಒಂದೇ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ‘ಗೆರೆಯ ಈಚೆ ಕನ್ನಡ, ಆಚೆ ಮರಾಠಿ’ ಎಂದು ಕಲಿಸಿದರೆ, ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಆಡುವ ಮಗು ತನ್ನ ಊರಿನ ಚರಿತ್ರೆಯಿಂದಲೇ ಹೊರಗೆ ಬೀಳುತ್ತದೆ.

ಹಾಗಾದರೆ ಚಿಕ್ಕ ಮಾತೆಲ್ಲ ಅತಿಸರಳವೆ? ಅಲ್ಲ. ಮಗುವಿಗೆ ಚಿಕ್ಕದಾಗಿಯೇ ಹೇಳಬೇಕು. ಬಿಟ್ಟುದನ್ನು ಮತ್ತೆ ತಂದು ಸೇರಿಸಿ ನೋಡುವುದೇ ಪರೀಕ್ಷೆ. ಆಗಲೂ ವಾಕ್ಯ ನಿಂತರೆ ಅದು ಸರಳ, ಕುಸಿದರೆ ಅತಿಸರಳ. ‘ಮಳೆಗಾಲ ಆದೇಶಸಂಧಿ’ ಎಂಬುದು ನಿಲ್ಲುತ್ತದೆ. ‘ಬರೆದವನು ನೃಪತುಂಗ’ ಎಂಬುದು ಶ್ರೀವಿಜಯ ಬಂದೊಡನೆ ಕುಸಿಯುತ್ತದೆ.

ರೇಡಿಯೋದ ಮುಂದೆ ಕುಳಿತ ತಂದೆತಾಯಿಗಳಲ್ಲಿ ನನ್ನ ಅರಿಕೆ ಇಷ್ಟೆ: ನಿಮ್ಮ ಮಗು ಉತ್ತರ ಹೇಳಿ, ಮೇಲೊಂದು ‘ಆದರೆ’ ಸೇರಿಸಿದರೆ ಗದರಬೇಡಿರಿ. ಆ ‘ಆದರೆ’ಗೆ ನಾನು ಒಮ್ಮೆ ಅಂಕ ಕಳೆದಿದ್ದೇನೆ, ಈಗ ಕೊಡುತ್ತೇನೆ.